ನಮ್ಮ ಕೈಯ ಸೊಪ್ಪು ಬೇಕು, ನಮ್ಮ ಕೈಯ ಸಾರು ಬೇಡವಾ?

ಸ್ವಲ್ಪ ಉದ್ದದ ಪೋಸ್ಟು ಇದು. ಬಿಡುವಿದ್ದಾಗ ಓದಿ, ಆದರೆ ಪೂರ್ತಿ ಓದಿ.

ಮೊಬೈಲ್ ತೆಗೆದರೆ ಸಾಕು, ಒಂದೇ ಉಪದೇಶ. ಆಯಾ ಕಾಲದ ತರಕಾರಿ ತಿನ್ನಿ, ಹತ್ತಿರದ ರೈತರ ಸಂತೆಯಲ್ಲಿ ಕೊಳ್ಳಿ, ಅಜ್ಜಿ ಕಾಲದ ಅಡುಗೆಗೆ ಮರಳಿ. ಮಣ್ಣಿನ ಮಡಕೆ, ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ತೊಳೆದಿಟ್ಟ ಸೊಪ್ಪು, ಹಿಂದೆ ಕೊಳಲಿನ ಸಂಗೀತ. ಮಾತೇನೋ ಸರಿಯಾದದ್ದೇ. ಊಟದ ವಿಚಾರದಲ್ಲಿ ನಾನೂ ಅದನ್ನೇ ಹೇಳುವವಳು. ಆದರೆ ಆ ವಿಡಿಯೋಗಳಲ್ಲಿ ಸೊಪ್ಪು ಇರುತ್ತೆ, ಸೊಪ್ಪು ಕಿತ್ತವಳು ಇರಲ್ಲ. ಅಜ್ಜಿ ಇರ್ತಾಳೆ, ಆ ಅಜ್ಜಿ ಯಾವ ಕೇರಿಯವಳು ಅಂತ ಯಾರೂ ಹೇಳಲ್ಲ. ಹೊಲದ ಬದು ಕಾಣುತ್ತೆ, ಆ ಬದು ಯಾರ ಪಹಣಿಯಲ್ಲಿದೆ ಅಂತ ಕಾಣಲ್ಲ.

ಅದಕ್ಕೇ ಈ ಬರಹ. ಋತುಮಾನದ ಊಟ ಅನ್ನುವುದು ನಾಲಿಗೆಯ ಪ್ರಶ್ನೆ ಆಗುವ ಮುಂಚೆ ನೆಲದ ಪ್ರಶ್ನೆ. ಸೊಪ್ಪು ಹುಟ್ಟುವ ನೆಲ ಯಾರದು, ಅದನ್ನು ಮಾರಲು ಕೂರುವ ಜಾಗ ಯಾರದು, ಕೊನೆಗೆ ಬೇಯಿಸಿ ಇಟ್ಟರೆ ತಿನ್ನುವವರು ಯಾರು. ಈ ಮೂರನ್ನು ಬಿಟ್ಟು ಮಾಡಿದ ಸಾರಿಗೆ ಎಷ್ಟು ಒಗ್ಗರಣೆ ಹಾಕಿದರೂ ಉಪ್ಪು ಹತ್ತಲ್ಲ.

ಸಂಘಟನೆ ಕೆಲಸಕ್ಕೆ ಅಂತ ನಾನು ಹೆಚ್ಚು ಓಡಾಡುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ. ಹೋದ ಊರಲ್ಲಿ ಸಂತೆ ಇದ್ದರೆ ಒಂದು ಸುತ್ತು ಹಾಕದೆ ಬರಲ್ಲ. ನಾಲ್ಕೂ ಈಗ ದಾವಣಗೆರೆ ಜಿಲ್ಲೆಯವೇ. 1997ರಲ್ಲಿ ಈ ಜಿಲ್ಲೆ ಆಗುವ ಮುಂಚೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಮೊನ್ನೆ ಮೊನ್ನೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ನಾಲ್ಕರ ಮಣ್ಣು ಬೇರೆ, ನೀರು ಬೇರೆ. ಅದಕ್ಕೇ ನಾಲ್ಕರ ಸಂತೆಯ ರುಚಿಯೂ ಬೇರೆ.

ಹೊನ್ನಾಳಿ ಕಡೆ ತುಂಗಭದ್ರೆ, ಭದ್ರಾ ನಾಲೆ, ಭತ್ತದ ಗದ್ದೆ. ಗದ್ದೆ ಬದುವಿನಲ್ಲಿ ಹೊನಗೊನ್ನೆ, ಒಂದೆಲಗ. ನಾಲೆ ಬತ್ತುವ ಹೊತ್ತಿಗೆ ಸಣ್ಣ ಮೀನು, ಏಡಿ. ನ್ಯಾಮತಿ, ಸುರಹೊನ್ನೆ, ಸವಳಂಗದ ದಿಕ್ಕಿಗೆ ಮಲೆನಾಡಿನ ಗಾಳಿ ಬಡಿಯುತ್ತೆ. ಮಳೆಗಾಲದಲ್ಲಿ ಕಳಲೆ, ಅಣಬೆ. ಅಲ್ಲೇ ಸೂರಗೊಂಡನಕೊಪ್ಪ, ಸಂತ ಸೇವಾಲಾಲರ ಭಾಯಾಗಡ. ತಾಂಡಾದ ಅಕ್ಕಂದಿರು ಯಾವ ಮಳೆಗೆ ಯಾವ ಚಿಗುರು ಬರುತ್ತೆ ಅನ್ನುವುದನ್ನು ಬಾಯಲ್ಲೇ ಲೆಕ್ಕ ಹೇಳ್ತಾರೆ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ತೋಟ ಇದೆ. ತೋಟದ ವಿಷಯ ಆಮೇಲೆ ಹೇಳ್ತೀನಿ. ಜಗಳೂರು ಒಣಭೂಮಿ. ನವಣೆ, ಸಾವೆ, ಶೇಂಗಾ, ಈರುಳ್ಳಿ, ತೊಗರಿಯ ಸೀಮೆ. ಅಲ್ಲಿನ ಕುರುಚಲು ಕಾಡಿನಲ್ಲಿ ಸೀತಾಫಲ, ಕಾರೆಹಣ್ಣು, ಬಾರೆಹಣ್ಣು, ಬೇಸಿಗೆಗೆ ಹುಣಸೆ ಚಿಗುರು. ಹೊರಗಿನವರು ಜಗಳೂರು ಅಂದರೆ ಬರ ಅಂತಾರೆ. ಆ ಬರದಲ್ಲೂ ಏನನ್ನು ಯಾವಾಗ ಕಿತ್ತು ತಿನ್ನಬೇಕು ಅಂತ ಗೊತ್ತಿದ್ದ ಜನ ಅಲ್ಲಿ ಬದುಕಿದಾರೆ.

ಈ ಲೆಕ್ಕ ಎಲ್ಲಿಯೂ ಬರೆದಿಟ್ಟದ್ದಲ್ಲ. ನಮ್ಮವ್ವನ ಕ್ಯಾಲೆಂಡರು ಗೋಡೆ ಮೇಲೆ ಇರಲಿಲ್ಲ, ಮಳೆಯ ಹೆಸರಲ್ಲಿ ಇತ್ತು. ಮೃಗಶಿರ ಹಿಡಿದರೆ ಗೋಣಿಸೊಪ್ಪು, ಅಣ್ಣೆಸೊಪ್ಪು ಏಳುತ್ವೆ. ಆರಿದ್ರಾ, ಪುನರ್ವಸು ಹೊತ್ತಿಗೆ ತಗಚೆ ಚಿಗುರು. ಶ್ರಾವಣ ದಾಟಿದರೆ ಬೇಲಿ ಮೇಲೆ ಹೀರೆಕಾಯಿ, ಹೊಲದಲ್ಲಿ ಸೌತೆ, ಅಲಸಂದೆ, ಹಸಿ ಹೆಸರುಕಾಯಿ. ದೀಪಾವಳಿ ಕಳೆದ ಮೇಲೆ ಕಡ್ಲೆಸೊಪ್ಪು, ತೊಗರಿಕಾಯಿ, ಸೊಗಡಿನ ಅವರೆಕಾಯಿ. ಚಳಿ ಮುಗಿಯುವ ಹೊತ್ತಿಗೆ ಬಾರೆಹಣ್ಣು. ಬೇಸಿಗೆಗೆ ನುಗ್ಗೆಕಾಯಿ, ಮಾವಿನಕಾಯಿ, ಇಲ್ಲವಾದರೆ ಒಣಗಿಸಿ ಇಟ್ಟದ್ದು: ಒಣಮೀನು, ಸಂಡಿಗೆ, ಹುರುಳಿ. ಬೇಸಿಗೆಯಲ್ಲಿ ಟೊಮೆಟೊ ತುಟ್ಟಿ ಅಂತ ಅವ್ವ ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ, ಹುಣಸೆ ಇತ್ತಲ್ಲ.

ಬೆರಕೆ ಸೊಪ್ಪಿನ ಸಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಯಾಕಂದರೆ ಇದು 'ಏನೋ ಸಿಕ್ಕಿದ್ದನ್ನು ಹಾಕಿ ಕುದಿಸೋದು' ಅಂತ ತಿಳಿದವರಿದ್ದಾರೆ. ಅದರಲ್ಲಿ ಲೆಕ್ಕ ಐತಿ. ಮೆತ್ತಗಿನ ಸೊಪ್ಪು ಎರಡು ಪಾಲು: ಅಣ್ಣೆ, ಕೀರೆ, ಹೊನಗೊನ್ನೆ. ಹುಳಿ ಇರುವ ಗೋಣಿಯೋ ಪುಂಡಿಯೋ ಒಂದು ಪಾಲು. ಕಹಿ ಗಣಿಕೆಸೊಪ್ಪು ಒಂದೇ ಹಿಡಿ. ತಗಚೆ ಹಾಕಿದರೆ ಎಳೆ ಚಿಗುರು ಮಾತ್ರ, ಬಲಿತದ್ದು ಹಾಕಿದರೆ ಸಾರು ವಾಸನೆ ಹೊಡೆಯುತ್ತೆ. ಹುರುಳಿಯನ್ನೋ ಹೆಸರುಕಾಳನ್ನೋ ಮುಂಚೆ ಬೇಯಲಿಟ್ಟು, ಅರೆಬೆಂದ ಮೇಲೆ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ಬೇಯಿಸಬೇಕು. ಕಟ್ಟು ಬಸಿದುಕೊಂಡು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಹುರಿದ ಒಣಮೆಣಸಿನಕಾಯಿ, ಹುಣಸೆ, ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಹಿಡಿ ಸೇರಿಸಿ ಒರಳಲ್ಲಿ ಅರೆದು ಆ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಸೌದೆ, ಎರಡು ಅಡುಗೆ. ಜೋಳದ ಮುದ್ದೆಯೋ ರಾಗಿ ಮುದ್ದೆಯೋ ಪಕ್ಕಕ್ಕಿದ್ದರೆ ಮುಗೀತು. ಪೌಷ್ಟಿಕತೆಯ ಬಗ್ಗೆ ಭಾಷಣ ಬೇಕಾಗಿಲ್ಲ.

ಇದು ವಿದ್ಯೆ. ಯಾವ ಸೊಪ್ಪು ತಿನ್ನಬಹುದು, ಯಾವುದನ್ನು ತಿಂದರೆ ಹೊಟ್ಟೆ ಕೆಡುತ್ತೆ, ಬಾಣಂತಿಗೆ ಯಾವುದು, ಜ್ವರ ಬಂದವರಿಗೆ ಯಾವುದು. ಇಷ್ಟು ತಿಳಿದ ಹೆಂಗಸಿಗೆ ನಮ್ಮ ಸಮಾಜ ಕೊಟ್ಟ ಹೆಸರು 'ಕೂಲಿಯವಳು'.

ಈಗ ನೆಲದ ಮಾತಿಗೆ ಬರೋಣ.

ಈ ಸೊಪ್ಪು ಯಾರೂ ಬಿತ್ತಿದ್ದಲ್ಲ. ಅದು ಬೆಳೆಯುವುದು ಬೇರೆಯವರ ಹೊಲದ ಬದುವಿನಲ್ಲಿ, ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ, ನಾಲೆ ದಂಡೆಯಲ್ಲಿ. ಯಾಕೆ ಅಲ್ಲಿಗೇ ಹೋಗಬೇಕು? ನಮಗೆ ನಮ್ಮದೇ ಹೊಲ ಇಲ್ಲ, ಅದಕ್ಕೆ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 16.6. ಅದೇ 2015-16ರ ಕೃಷಿ ಗಣತಿ ನೋಡಿ, ಸಾಗುವಳಿ ಭೂಮಿಯಲ್ಲಿ ನಮ್ಮ ಪಾಲು ಶೇ 9ನ್ನೂ ಮುಟ್ಟಿಲ್ಲ. ಇದ್ದ ಅಲ್ಪಸ್ವಲ್ಪವೂ ಬಹುಪಾಲು ಮಳೆ ನಂಬಿದ ತುಂಡು ಹೊಲ. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಭೂಮಿಯ ಪ್ರಶ್ನೆಯನ್ನು ಮುಂದಕ್ಕೆ ಇಟ್ಟದ್ದು ಸುಮ್ಮನೆ ಅಲ್ಲ. ಅರ್ಧ ಶತಮಾನ ಆಯ್ತು. ಬಗರ್‌ಹುಕುಂ ಅರ್ಜಿ ಹಿಡಿದುಕೊಂಡು ಇವತ್ತಿಗೂ ನಮ್ಮವರು ತಾಲ್ಲೂಕು ಕಚೇರಿ ಮೆಟ್ಟಿಲಲ್ಲಿ ಕೂತಿದಾರೆ.

ಹೊಲ ಇಲ್ಲದವರಿಗೆ ಕಳೆ ತೆಗೆಯುವ ಕೆಲಸ ಎರಡು ಥರ ಅನ್ನ ಕೊಡ್ತಿತ್ತು. ಕೂಲಿ ಒಂದು, ಮಡಿಲಲ್ಲಿ ಕಟ್ಟಿಕೊಂಡು ಬರುವ ಸೊಪ್ಪು ಇನ್ನೊಂದು. ಹೊಲದ ಯಜಮಾನನಿಗೆ ಕಳೆ, ನಮಗೆ ಸಾರು. ಇದು ಒಬ್ಬರಿಗೂ ನಷ್ಟ ಇಲ್ಲದ ವ್ಯವಹಾರ ಆಗಿತ್ತು.

ಈಗ ಅದು ಮುರಿದುಬಿದ್ದಿದೆ. ಎರಡು ಕಾರಣ ಹೇಳ್ತೀನಿ.

ಒಂದು, ಮೆಕ್ಕೆಜೋಳ ಮತ್ತು ಕಳೆನಾಶಕ. ನಮ್ಮದು ಮೆಕ್ಕೆಜೋಳದ ಜಿಲ್ಲೆ ಅಂತ ಎಲ್ಲರಿಗೂ ಗೊತ್ತು. ಬಿತ್ತನೆ ಆದ ಕೂಡಲೇ ಅಟ್ರಾಜಿನ್ ಹೊಡೀತಾರೆ. ಅದು ಸಾಯಿಸುವುದು ಮುಖ್ಯವಾಗಿ ಅಗಲ ಎಲೆಯ ಕಳೆಯನ್ನು. ಅಗಲ ಎಲೆಯ ಕಳೆ ಅಂದರೆ ಯಾವುದು? ಅಣ್ಣೆ, ಗೋಣಿ, ಕೀರೆ, ಗಣಿಕೆ. ಕಂಪನಿ ಭಾಷೆಯಲ್ಲಿ ಕಳೆ, ನಮ್ಮ ಭಾಷೆಯಲ್ಲಿ ರಾತ್ರಿ ಊಟ. ಯುರೋಪಿಯನ್ ಒಕ್ಕೂಟ 2004ರಲ್ಲೇ ಈ ಅಟ್ರಾಜಿನ್‌ಗೆ ಬಾಗಿಲು ಹಾಕಿತು, ಅಂತರ್ಜಲಕ್ಕೆ ಇಳಿಯುತ್ತೆ ಅಂತ. ನಮ್ಮಲ್ಲಿ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಅದನ್ನು ಹೊಡೆಯುವವನೂ ನಮ್ಮ ಕೇರಿಯ ಹುಡುಗನೇ. ಅವನಿಗೆ ಒಂದು ದಿನದ ಕೂಲಿ. ಅವನ ಅವ್ವನಿಗೆ ಕಳೆ ತೆಗೆಯುವ ಕೆಲಸ ಹೋಯ್ತು, ಸೊಪ್ಪೂ ಹೋಯ್ತು. ಬದುವಿನಲ್ಲಿ ಉಳಿದದ್ದನ್ನು ಕೀಳೋಕೆ ಈಗ ಹೆದರಿಕೆ, ಯಾವತ್ತು ಏನು ಹೊಡೆದಿದ್ದಾರೋ ಅಂತ.

ಎರಡು, ಅಡಿಕೆ. ಚನ್ನಗಿರಿಯ ದಿಕ್ಕೇ ಬದಲಾಗಿದ್ದು ಅಡಿಕೆಯಿಂದ. ರಾಶಿ ಅಡಿಕೆ ಧಾರಣೆ ಏರಿದ ಹಾಗೆ ಗದ್ದೆ ಹೋಗಿ ತೋಟ, ರಾಗಿ ಹೊಲ ಹೋಗಿ ತೋಟ. ಅಡಿಕೆಯನ್ನು ಸುಮ್ಮನೆ ಬೈಯುವವಳಲ್ಲ ನಾನು. ಸುಗ್ಗಿಯಲ್ಲಿ ರಾತ್ರಿ ಎರಡು ಗಂಟೆವರೆಗೂ ಕೂತು ಅಡಿಕೆ ಸುಲಿದ ಅವ್ವಂದಿರ ದುಡ್ಡಲ್ಲಿ ನಮ್ಮ ಎಷ್ಟೋ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದಾರೆ. ಆದರೆ ತೋಟ ಅಂದರೆ ಬೇಲಿ, ಗೇಟು. ಗದ್ದೆಗೆ ನಾಟಿ, ಕಳೆ, ಕೊಯ್ಲು ಅಂತ ಹೆಂಗಸರು ಬೇಕಿತ್ತು, ಹಾಗಾಗಿ ಹೆಂಗಸರ ಕಾಲು ಅಲ್ಲಿಗೆ ನಡೀತಿತ್ತು. ಖೇಣಿಗೆ ಕೊಟ್ಟ ತೋಟದೊಳಗೆ ನೀವು ಸೊಪ್ಪಿಗೆ ಅಂತ ಹೋದರೆ ಕಳ್ಳಿ ಅಂತಾರೆ. ಇನ್ನು ತೋಟಕ್ಕೆ ಮಣ್ಣು ಬೇಕು ಅಂತ ಕೆರೆ ಅಂಗಳ ಬಗೆದದ್ದು, ತೋಟ ಹಿಗ್ಗಿಸೋಕೆ ಅಂತ ಗೋಮಾಳಕ್ಕೆ ಕೈ ಹಾಕಿದ್ದು, ಇವೆಲ್ಲ ಊರೂರಲ್ಲಿ ನೀವೇ ನೋಡಿದೀರಿ.

ಈಗ ಜಗಳೂರಿಗೆ ನೀರು ಬರುತ್ತೆ ಅಂತಿದಾರೆ. ಬರಲೇಬೇಕು. 2023-24ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಅಂತ ಓದಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. 57 ಕೆರೆ ತುಂಬಿಸುವ ಯೋಜನೆಯ ಬಗ್ಗೆಯೂ ಅಷ್ಟೇ. ಆದರೆ ಸಂಗಾತಿಗಳೇ, ನೀರು ಬಂದ ಮೇಲೆ ಜಗಳೂರು ಇನ್ನೊಂದು ಚನ್ನಗಿರಿ ಆಗುತ್ತಾ? ನವಣೆ ಹೋಗಿ ಅಡಿಕೆ, ಬದು ಹೋಗಿ ಬೇಲಿ ಆಗುತ್ತಾ? ಕೆರೆಗೆ ನೀರು ತುಂಬಿಸುವಾಗ ಕೆರೆ ಅಂಗಳದಲ್ಲಿ, ಹುಲ್ಲುಗಾವಲಲ್ಲಿ ಭೂಮಿ ಇಲ್ಲದವರಿಗೆ ಹಕ್ಕು ಏನು ಅಂತ ಈಗಲೇ ಕೇಳದಿದ್ದರೆ, ನೀರು ಬಂದ ದಿನ ನಮ್ಮವರು ಕಾಲುವೆ ದಂಡೆ ಮೇಲೆ ನಿಂತು ಚಪ್ಪಾಳೆ ತಟ್ಟೋದು, ಮಾರನೇ ದಿನ ಗುಳೆ ಹೋಗೋದು, ಇಷ್ಟೇ ಆಗುತ್ತೆ.

ಸಿರಿಧಾನ್ಯದ ಕಥೆಯೂ ಬೇರೆ ಅಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ನವಣೆ, ಸಾವೆ ಬೆಳೆದವರಿಗೆ ನಮ್ಮ ರಾಜ್ಯ 'ರೈತಸಿರಿ' ಅಂತ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ತಂದಿತು. ಒಳ್ಳೆಯದೇ. ಆದರೆ ದುಡ್ಡು ಪಹಣಿ ನೋಡಿ ಬರುತ್ತೆ. ಗುತ್ತಿಗೆಗೆ, ಪಾಲಿಗೆ ಮಾಡುವವಳ ಹೆಸರು ಪಹಣಿಯಲ್ಲಿ ಇರಲ್ಲ. ಬಡವರ ಊಟ ಅಂತ ಮೂಗು ಮುರಿದ ನವಣೆ ಈಗ ಬೆಂಗಳೂರಿನ ಅಂಗಡಿಯಲ್ಲಿ ಅಂದದ ಪೊಟ್ಟಣ. ಅದನ್ನು ಕುಟ್ಟಿ, ಕೇರಿ, ಹಸನು ಮಾಡಿ ಉಳಿಸಿದ ಕೈಗಳು ನ್ಯಾಯಬೆಲೆ ಅಂಗಡಿ ಮುಂದೆ ಅಕ್ಕಿಗೆ ಹೆಬ್ಬೆಟ್ಟು ಒತ್ತುತಾ ಇವೆ.

ಇನ್ನು ಸಂತೆಯ ಮಾತು.

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೆ ಜನ ಪುಷ್ಕರಣಿ ನೋಡೋಕೆ ಬರ್ತಾರೆ. ಹದಿನಾರನೇ ಶತಮಾನದ ಹೊಂಡ, ನೋಡೋಕೆ ಚಂದವೇ. ಊರಿನ ಹೆಸರಲ್ಲೇ ಸಂತೆ ಇದೆ ಅನ್ನುವುದನ್ನು ಯಾರು ಗಮನಿಸ್ತಾರೆ? ಹೊಂಡ ಕಟ್ಟಿಸಿದವನ ಹೆಸರು ಇತಿಹಾಸದಲ್ಲಿ ಉಳೀತು. ಸಂತೆ ಕಟ್ಟಿದವರದು ಉಳಿಯಲಿಲ್ಲ.

ವಾರದ ಸಂತೆ ಭೂಮಿ ಇಲ್ಲದ ಹೆಂಗಸು ಯಾರ ಅಪ್ಪಣೆಯೂ ಇಲ್ಲದೆ ವ್ಯಾಪಾರಿ ಆಗುವ ಒಂದೇ ಜಾಗ. ಅಂಗಡಿ ಬಾಡಿಗೆ ಬೇಡ, ಅಡ್ವಾನ್ಸ್ ಬೇಡ. ಗೋಣಿಚೀಲ ಹಾಸಿದರೆ ಅದೇ ಅಂಗಡಿ. ಆದರೆ ಅಲ್ಲೂ ನೋಡಿ. ಶೆಡ್ಡು ಕಟ್ಟಿಸಿದ ಕಡೆ ಕಟ್ಟೆ ಮೇಲೆ ಕೂರುವವರು ದೊಡ್ಡ ವ್ಯಾಪಾರಿಗಳು, ಮಂಡಿಯಿಂದ ಟೆಂಪೋದಲ್ಲಿ ತರಕಾರಿ ತಂದವರು. ಸೊಪ್ಪಿನವರು, ಹಣ್ಣಿನವರು, ಒಣಮೀನಿನವರು ಚರಂಡಿ ಪಕ್ಕ, ಬಿಸಿಲಲ್ಲಿ. ಶೌಚಾಲಯ ಇಲ್ಲ, ಇದ್ದರೆ ಬೀಗ. ಬೆಳಗ್ಗೆಯಿಂದ ಸಂಜೆವರೆಗೂ ನೀರು ಕುಡಿಯದೆ ಕೂರುವ ಹೆಂಗಸರನ್ನು ನಾನು ಕೇಳಿದೀನಿ. 'ಕುಡಿದ್ರೆ ಎಲ್ಲಿಗೆ ಹೋಗನವ್ವ?' ಅಂತಾರೆ.

ಸುಂಕದ್ದು ಇನ್ನೊಂದು ಕಥೆ. ಸಂತೆ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕ್ತಾರೆ. ಹರಾಜು ಹಿಡಿದವನು ಕೊಟ್ಟ ದುಡ್ಡಿನ ಮೇಲೆ ಲಾಭ ಎತ್ತಬೇಕು. ಒಂದು ಸಂತೆಯಲ್ಲಿ, ಊರ ಹೆಸರು ಬೇಡ, ನಾನೇ ನಿಂತು ನೋಡಿದ್ದು: ಟೆಂಪೋ ತುಂಬ ಈರುಳ್ಳಿ ತಂದವನಿಗೂ 20 ರೂಪಾಯಿ, ಒಂದು ಬುಟ್ಟಿ ಸೊಪ್ಪು ಇಟ್ಟುಕೊಂಡ ಅಜ್ಜಿಗೂ 20 ರೂಪಾಯಿ. ಆ ಬುಟ್ಟಿ ಪೂರ್ತಿ ಮಾರಿದರೆ ಅವಳಿಗೆ ಸಿಗೋದು ನೂರೋ ನೂರೈವತ್ತೋ. ಚೀಟಿ ಕೇಳಿದರೆ, 'ಏನಕ್ಕಾ, ಹೊಸಬರಾ?' ಅಂದ ಆ ಹುಡುಗ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ 40ಕ್ಕೆ ಕಡಿಮೆ ಇರಬಾರದು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರಿಗೂ ಪ್ರಾತಿನಿಧ್ಯ. ಜನ ತಲೆಮಾರುಗಳಿಂದ ಸೇರುತ್ತಾ ಬಂದ ಮಾರುಕಟ್ಟೆಯನ್ನು ಗುರುತಿಸಬೇಕು ಅಂತಲೂ ಅದರಲ್ಲಿದೆ. ನಿಮ್ಮೂರ ಸಮಿತಿಯಲ್ಲಿ ಸೊಪ್ಪು ಮಾರುವ ಒಬ್ಬ ಹೆಂಗಸು ಇದ್ದಾಳಾ? ಹೋಗಿ ಕೇಳಿ. ಇನ್ನೊಂದು ಸಂಗತಿ, ಈ ಕಾಯ್ದೆ ಪಟ್ಟಣಗಳಿಗೆ ಮಾತ್ರ. ಗ್ರಾಮ ಪಂಚಾಯಿತಿ ನಡೆಸುವ ಹಳ್ಳಿ ಸಂತೆಯ ಹೆಂಗಸಿಗೆ ಆ ರಕ್ಷಣೆಯೂ ಇಲ್ಲ. ಹಳ್ಳಿ ಸಂತೆಗೆ ಪಂಚಾಯಿತಿಯೇ ನಿಯಮ ಮಾಡಬೇಕು. ಮಾಡಿಸುವವರು ನಾವಾಗಬೇಕು.

ಈಗ ನಿಜವಾದ ಗಂಟಿಗೆ ಬರೋಣ. ಶೀರ್ಷಿಕೆಯ ಪ್ರಶ್ನೆಗೆ.

ನಮ್ಮವಳು ಕಿತ್ತ ಸೊಪ್ಪನ್ನು ಎಲ್ಲರೂ ಕೊಳ್ತಾರೆ. ಅಗ್ರಹಾರದವರೂ ಕೊಳ್ತಾರೆ, ಗೌಡರ ಮನೆಯವರೂ ಕೊಳ್ತಾರೆ. ಹಸಿ ಸೊಪ್ಪಿಗೆ ಮೈಲಿಗೆ ಇಲ್ಲ, ನೀರಲ್ಲಿ ತೊಳೆದರೆ ಆಯ್ತು. ಅದೇ ಹೆಂಗಸು ಅದೇ ಸೊಪ್ಪನ್ನು ಅದೇ ಸಂತೆಯಲ್ಲಿ ಬಸ್ಸಾರು ಮಾಡಿ, ಮುದ್ದೆ ಕಟ್ಟಿ ಮಾರಲಿ ನೋಡೋಣ. ಎಷ್ಟು ಜನ ಕೂತು ಉಣ್ತಾರೆ? ಹಸಿಯಾಗಿದ್ದಾಗ ಇಲ್ಲದ ಜಾತಿ, ಒಲೆ ಹತ್ತಿದ ತಕ್ಷಣ ಎಲ್ಲಿಂದ ಬಂತು? ದುಡಿಮೆ ಬೇಕು, ದುಡಿದ ಕೈಯ ರುಚಿ ಬೇಡ. ಸರಕು ಕಳಿಸುವವಳಾಗಿ ಇರು, ಊಟ ಬಡಿಸುವವಳು ಆಗಬೇಡ. ಲಾಭ ಇರುವುದು ಬೇಯಿಸಿದ್ದರಲ್ಲಿ. ಹತ್ತು ರೂಪಾಯಿ ಸೊಪ್ಪು ಊಟವಾದರೆ ಎಂಬತ್ತು ರೂಪಾಯಿ. ಜಾತಿ ನಮ್ಮನ್ನು ತಡೆಯುವುದು ಸರಿಯಾಗಿ ಆ ಹತ್ತು ಮತ್ತು ಎಂಬತ್ತರ ನಡುವೆ.

ಸುಮ್ಮನೆ ಹೇಳ್ತಿಲ್ಲ. 2015ರಲ್ಲಿ ಕೋಲಾರ ಜಿಲ್ಲೆಯ ಕಗ್ಗನಹಳ್ಳಿ ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡ್ತಾರೆ ಅಂತ ಮಕ್ಕಳು ಊಟ ಬಿಟ್ಟದ್ದು, ಶಾಲೆಯನ್ನೇ ಬಿಟ್ಟದ್ದು ಸುದ್ದಿಯಾಯಿತು. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದಿಂದ ಮತ್ತೆ ಅದೇ ಥರದ ಸುದ್ದಿ. ನಡುವೆ ಹತ್ತು ವರ್ಷ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಹೇಳಿದೆ. ಆ ಆದೇಶ ಎಷ್ಟು ಶಾಲೆಯ ಅಡುಗೆಮನೆಗೆ ತಲುಪಿದೆ?

ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದಾಗ ಜೈಪುರ ಸಂಸ್ಥಾನದ ಚಕ್ವಾರ ಅನ್ನುವ ಊರಿನ ಪ್ರಸಂಗ ಹೇಳಿದ್ದಾರೆ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ತುಪ್ಪದ ಅಡುಗೆ ಮಾಡಿಸಿ ಊಟ ಹಾಕಿದ. ಸವರ್ಣೀಯರು ದೊಣ್ಣೆ ಹಿಡಿದು ಬಂದು ಊಟ ಹಾಳುಮಾಡಿ ಉಣ್ಣುತ್ತಿದ್ದವರನ್ನು ಹೊಡೆದರು. ತಪ್ಪು ಏನು? ಅಸ್ಪೃಶ್ಯರು ತುಪ್ಪ ತಿನ್ನಬಾರದಿತ್ತು. ನಾವು ಏನು ತಿನ್ನಬೇಕು ಅನ್ನುವುದನ್ನು ನಮ್ಮ ನಾಲಿಗೆ ಯಾವತ್ತೂ ತೀರ್ಮಾನ ಮಾಡಿಲ್ಲ, ಊರು ತೀರ್ಮಾನ ಮಾಡಿದೆ.

ಈ 'ಸ್ಥಳೀಯ ಆಹಾರ' ಅನ್ನುವವರ ಪಟ್ಟಿಯಲ್ಲಿ ನಮ್ಮ ಎಷ್ಟು ಅಡುಗೆ ಇದೆ? ಸೊಪ್ಪು ಇದೆ, ರೊಟ್ಟಿ ಇದೆ. ಗದ್ದೆ ಏಡಿಯ ಸಾರು ಇಲ್ಲ, ಬೋಟಿ ಇಲ್ಲ, ತಾಂಡಾದ ಸಳೋಯಿ ಇಲ್ಲ, ದನದ ಮಾಂಸದ ಹೆಸರನ್ನಂತೂ ಎತ್ತುವ ಹಾಗಿಲ್ಲ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದದ್ದೆಲ್ಲ ಅಪರಾಧ. ಕಡಿಮೆ ದುಡ್ಡಿಗೆ ಹತ್ತಿರದಲ್ಲೇ ಸಿಗುತ್ತಿದ್ದ ಪೌಷ್ಟಿಕ ಊಟವನ್ನು ಕಾನೂನು ಮಾಡಿ ಕಿತ್ತುಕೊಂಡು, 'ಸ್ಥಳೀಯವಾಗಿ ಉಣ್ಣಿ' ಅಂದರೆ ಏನರ್ಥ? ಮರಾಠವಾಡದ ದಲಿತರ ಅಡುಗೆಯ ಬಗ್ಗೆ ಶಾಹು ಪಾಟೋಳೆ ಮರಾಠಿಯಲ್ಲಿ ಇಡೀ ಪುಸ್ತಕ ಬರೆದರು, ಅದು ಇಂಗ್ಲಿಷಿಗೂ ಹೋಯಿತು. ನಮ್ಮ ಮಧ್ಯ ಕರ್ನಾಟಕದ ಕೇರಿಗಳ ಅಡುಗೆಯನ್ನು ಹಾಗೆ ಕೂತು ಬರೆಯುವವರು ನಮ್ಮ ಹುಡುಗ ಹುಡುಗಿಯರಿಂದಲೇ ಬರಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ವಲಯದಲ್ಲೇ ಕೆಲವರು ಕೇಳ್ತಾರೆ ಅಂತ ಗೊತ್ತು. 'ಒಳಮೀಸಲಾತಿ, ದೌರ್ಜನ್ಯ, ಉದ್ಯೋಗ ಇಷ್ಟೆಲ್ಲ ಇರುವಾಗ ಸೊಪ್ಪಿನ ಮಾತು ಯಾಕೆ? ಬಡತನದ ಊಟವನ್ನು ವೈಭವ ಮಾಡ್ತಿದೀಯಾ?'

ಇಲ್ಲ. ನಮ್ಮವರು ಬೆರಕೆ ಸೊಪ್ಪು ತಿಂದದ್ದು ಬಹಳ ಸಲ ಬೇರೇನೂ ಇರಲಿಲ್ಲ ಅಂತಲೇ. ಹಸಿವನ್ನು ಪರಂಪರೆ ಅಂತ ಹಾಡಿ ಹೊಗಳುವವರ ಜೊತೆ ನನಗೆ ಮಾತಿಲ್ಲ. ನಮ್ಮ ಮಕ್ಕಳು ಬಿರಿಯಾನಿ ತಿನ್ನಲಿ, ಪಿಜ್ಜಾ ತಿನ್ನಲಿ, ತುಪ್ಪ ಸುರಿದುಕೊಂಡು ತಿನ್ನಲಿ. ಆದರೆ ಹಸಿವಿನಲ್ಲಿ ಕಲಿತ ವಿದ್ಯೆಯೂ ವಿದ್ಯೆಯೇ. ಇವತ್ತು ಆ ವಿದ್ಯೆಗೆ ಪೇಟೆಯಲ್ಲಿ ಬೆಲೆ ಬಂದಿದೆ. ಬೆಲೆ ಬಂದ ಕೂಡಲೇ ಅದರ ಮೇಲಿನ ಹೆಸರು ಬದಲಾಗ್ತಿದೆ. ಚರ್ಮದ ಕೆಲಸದಲ್ಲಿ, ತಮಟೆಯಲ್ಲಿ ಆದದ್ದೇ ಸೊಪ್ಪಿನಲ್ಲೂ ಆಗುವುದಕ್ಕೆ ನಾವು ಬಿಡಬಾರದು. ನನ್ನ ಮಾತು ಇಷ್ಟೇ.

ಬೇರೆ ದಾರಿ ಇದೆಯಾ ಅಂದರೆ, ಇದೆ. ತೆಲಂಗಾಣದ ಜಹೀರಾಬಾದ್ ಕಡೆ, ನಮ್ಮ ಬೀದರಿಗೆ ಅಂಟಿಕೊಂಡ ಸೀಮೆಯಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಂಗಸರ ಸಂಘಗಳಿವೆ. ಸದಸ್ಯೆಯರು ಹೆಚ್ಚಿನವರು ದಲಿತರು. 1980ರ ದಶಕದಿಂದ ಅವರು ಮಾಡಿದ್ದು ಏನು? ಬೀಳುಬಿದ್ದ ಭೂಮಿಯನ್ನು ಹಿಡಿದರು, ಗುತ್ತಿಗೆಗೆ ಪಡೆದರು, ಒಟ್ಟಾಗಿ ಜೋಳ, ನವಣೆ ಬೆಳೆದರು, ಬೀಜ ತಾವೇ ಇಟ್ಟುಕೊಂಡರು, ತಮ್ಮೂರಿನ ಬಡವರಿಗೆ ತಾವೇ ಪಡಿತರ ಹಂಚಿದರು. ಬಿತ್ತದೆ ಬೆಳೆಯುವ ಸೊಪ್ಪುಗಳ ಹೆಸರು ಹಿಡಿದು ಪಟ್ಟಿ ಮಾಡಿದರು. ತಮ್ಮದೇ ರೇಡಿಯೊ ನಡೆಸಿದರು. ಅವರ ಜೊತೆ ಕೊನೆವರೆಗೂ ಇದ್ದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, 2023ರಲ್ಲಿ ತೀರಿಕೊಂಡರು. 2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಆದರೆ ಪ್ರಶಸ್ತಿಗಿಂತ ದೊಡ್ಡದು ಒಂದಿದೆ: ಕೂಲಿಯವಳು ಅನ್ನಿಸಿಕೊಂಡವಳು ತನ್ನೂರಲ್ಲಿ ಬೀಜ ಕೊಡುವವಳಾದಳು. ಅವರು ಮೊದಲು ಹಿಡಿದದ್ದು ಭೂಮಿ, ಅಡುಗೆ ಅದರ ಹಿಂದೆ ಬಂತು. ಆ ಕ್ರಮವನ್ನು ಮರೆಯಬೇಡಿ.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಏನು ಮಾಡೋಣ? ನನ್ನ ತಲೆಯಲ್ಲಿ ಇರುವುದನ್ನು ಬರೀತೀನಿ. ಸೇರಿಸಿ, ಜಗಳ ಮಾಡಿ, ತಿದ್ದಿ.

1. ಒಂದು ಬುಟ್ಟಿ, ಒಂದು ಗೋಣಿಚೀಲದ ವ್ಯಾಪಾರಕ್ಕೆ ಸುಂಕ ಇರಬಾರದು. ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ ಎಲ್ಲ ಕಡೆ ಇದೇ ಬೇಡಿಕೆ ಹೋಗಲಿ. ಸುಂಕದ ಹರಾಜಿಗೆ ಮುಂಚೆ ದರಪಟ್ಟಿ ಬರೆದ ಬೋರ್ಡು ಸಂತೆ ಬಾಗಿಲಲ್ಲಿ ಇರಲಿ.

2. ಸಂತೆಯಲ್ಲಿ ನೆರಳು, ನೀರು, ಬೀಗ ಇಲ್ಲದ ಶೌಚಾಲಯ. ಶೆಡ್ಡಿನ ಕಟ್ಟೆಯಲ್ಲಿ ಸೊಪ್ಪಿನವರಿಗೆ, ಭೂಮಿ ಇಲ್ಲದ ಹೆಂಗಸರಿಗೆ ಜಾಗ ಮೀಸಲು.

3. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ನಮ್ಮೂರಲ್ಲೇ ಇವೆ. ಅಲ್ಲಿ ಓದುವವರು ನಮ್ಮ ಮಕ್ಕಳು. ಟೆಂಡರಿನಲ್ಲಿ ಬರುವ ಬಾಡಿದ ತರಕಾರಿಯ ಬದಲು ವಾರಕ್ಕೆ ಎರಡು ದಿನವಾದರೂ ಸ್ಥಳೀಯ ಸ್ವಸಹಾಯ ಸಂಘದ ಹೆಂಗಸರಿಂದ ಆಯಾ ಕಾಲದ ಸೊಪ್ಪು, ಕಾಳು ಕೊಳ್ಳಲಿ. ಅಂಗನವಾಡಿಗೂ ಅಷ್ಟೇ.

4. ಗೋಮಾಳ, ಕೆರೆ ಅಂಗಳ ಒತ್ತುವರಿಯ ಬಗ್ಗೆ ದೂರು ಕೊಡುವಾಗ ದನಕರುಗಳ ಜೊತೆ ಸೊಪ್ಪಿನ ಹಕ್ಕನ್ನೂ ಬರೆಯಿರಿ. ಊರಿನ ಸಾಮೂಹಿಕ ನೆಲದ ಮೇಲೆ ಮತ್ತು ಅದರ ಸುತ್ತ ಕಳೆನಾಶಕ ಹೊಡೆಯಬಾರದು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.

5. ಬೇಯಿಸಿ ಮಾರುವುದಕ್ಕೆ ಇಳಿಯೋಣ. ಸಂತೆಯಲ್ಲಿ ನಮ್ಮ ಹೆಂಗಸರ ಊಟದ ಅಂಗಡಿ ಇರಲಿ. ಹೆದರಿಸಿದರೆ, ವ್ಯಾಪಾರಕ್ಕೆ ಅಡ್ಡ ಬಂದರೆ, ಬಹಿಷ್ಕಾರ ಹಾಕಿದರೆ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ನೋಡಿ. ಎಲ್ಲರಿಗೂ ಇರುವ ವ್ಯಾಪಾರದ ಹಕ್ಕನ್ನು ನಮಗೆ ತಡೆಯುವುದೂ, ಸಾಮಾಜಿಕ-ಆರ್ಥಿಕ ಬಹಿಷ್ಕಾರವೂ ಅಪರಾಧ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ.

6. ಕೊನೇದು ಸವರ್ಣ ಗೆಳೆಯರಿಗೆ. ಜೈ ಭೀಮ್ ಪೋಸ್ಟಿಗೆ ಲೈಕ್ ಒತ್ತಿದ್ದು ಸಾಕು. ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ. ಕೇರಿಯ ಮನೆಯಲ್ಲಿ ಕೂತು ಉಂಡು ಫೋಟೊ ಹಾಕುವ ಮುಂಚೆ, ನಿಮ್ಮ ಮನೆಯ ಮದುವೆಗೆ, ಗೃಹಪ್ರವೇಶಕ್ಕೆ ಅಡುಗೆ ಗುತ್ತಿಗೆಯನ್ನು ನಮ್ಮ ಹೆಂಗಸರಿಗೆ ಕೊಡಿ. ಊಟ ಚೆನ್ನಾಗಿಲ್ಲದಿದ್ದರೆ ಬೈಯಿರಿ, ಕೇಳಿಸಿಕೊಳ್ತೀವಿ. ಆದರೆ ಉಂಡು ಬೈಯಿರಿ.

ಈ ವಾರ ಸಂತೆಗೆ ಹೋದಾಗ ಬುಟ್ಟಿ ಮುಂದೆ ಬಗ್ಗಿ ನಿಲ್ಲಬೇಡಿ, ಕುಕ್ಕರಗಾಲಲ್ಲಿ ಕೂತು ಮಾತಾಡಿ. ಸೊಪ್ಪಿನ ಹೆಸರು ಕೇಳಿ, ಎಲ್ಲಿ ಕಿತ್ತಿದ್ದು ಕೇಳಿ, ಸುಂಕ ಎಷ್ಟು ಕೊಟ್ಟೆ ಕೇಳಿ. ಕೇಳಿದ್ದನ್ನು ಇಲ್ಲಿ ಕೆಳಗೆ ಬರೆಯಿರಿ, ಊರಿನ ಹೆಸರಿನ ಸಮೇತ. ನಾಲ್ಕೂ ತಾಲ್ಲೂಕಿನದು ಒಟ್ಟು ಮಾಡಿ ಒಂದು ಮನವಿ ತಯಾರು ಮಾಡೋಣ. ತಹಶೀಲ್ದಾರರ ಕಚೇರಿಗೆ ಹೋಗುವ ದಿನ ಸೊಪ್ಪಿನ ಬುಟ್ಟಿ ಹೊತ್ತುಕೊಂಡೇ ಹೋಗೋಣ.

ಜೈ ಭೀಮ್.